ಹಳೆ ಫ್ಯೂಸ್ ಬೋರ್ಡ್ ತೆಗೆಸಿ ಹೊಸ ಡಿಬಿ (ಡಿಸ್ಟ್ರಿಬ್ಯೂಷನ್ ಬೋರ್ಡ್) ಹಾಕಿಸುವುದು: ಮಂಗಳೂರು, ಉಡುಪಿಯ ಮನೆಗಳಿಗೆ ಹಂತ ಹಂತದ ಮಾರ್ಗದರ್ಶಿ, ಖರ್ಚಿನ ಲೆಕ್ಕ ಸಹಿತ

ಕದ್ರಿ, ಬಿಜೈ, ಉರ್ವಾದ ಹಳೆ ಹೆಂಚಿನ ಮನೆಗಳಲ್ಲಿ, ಉಡುಪಿ ರಥಬೀದಿಯ ಸುತ್ತಮುತ್ತ, ಕಾಪು, ಬ್ರಹ್ಮಾವರದ ತೋಟದ ಮನೆಗಳಲ್ಲಿ ಚಾವಡಿಯ ಗೋಡೆಗೆ ಹೊಡೆದ ಮರದ ಹಲಗೆ ಈಗಲೂ ಕಾಣಸಿಗುತ್ತದೆ. ಅದರ ಮೇಲೆ ಕಬ್ಬಿಣದ ಹಿಡಿಯ ಮೈನ್ ಸ್ವಿಚ್ಚು, ಕೆಳಗೆ ಸಾಲಾಗಿ ಬಿಳಿ ಪಿಂಗಾಣಿಯ ಕಿಟ್‌ಕ್ಯಾಟ್ ಫ್ಯೂಸುಗಳು. ಅದನ್ನು ಹಾಕಿದ ಕಾಲದಲ್ಲಿ ಮನೆಯಲ್ಲಿ ಇದ್ದದ್ದು ನಾಲ್ಕು ಬಲ್ಬು, ಎರಡು ಫ್ಯಾನು, ಒಂದು ರೇಡಿಯೊ. ಈಗ ಅದೇ ವೈರುಗಳ ಮೇಲೆ ಫ್ರಿಜ್ಜು, ಗೀಸರು, ವಾಷಿಂಗ್ ಮೆಷಿನ್ನು, ಗ್ರೈಂಡರು, ಬಾವಿಯ ಪಂಪು, ಕೆಲವು ಕಡೆ ಎಸಿ ಕೂಡ ಕೂತಿದೆ.

ಬದಲಾಯಿಸಬೇಕು ಅನ್ನುವುದು ಹೆಚ್ಚಿನವರಿಗೆ ಗೊತ್ತು. ಆದರೆ ಫ್ಯೂಸ್ ಇದ್ದ ಜಾಗಕ್ಕೆ ಎಂಸಿಬಿ (ಕರೆಂಟು ಮಿತಿ ಮೀರಿದರೆ ತಾನಾಗಿ ಬಿದ್ದು ಆಫ್ ಆಗುವ ಸ್ವಿಚ್ಚು) ಹಾಕಿಸಿದರೆ ಕೆಲಸ ಮುಗಿಯಿತು ಎಂದುಕೊಳ್ಳುವವರೇ ಜಾಸ್ತಿ. ಅಲ್ಲಿಗೆ ಅರ್ಧ ಕೆಲಸ ಮಾತ್ರ ಆಗಿರುತ್ತದೆ. ಎಂಸಿಬಿ ಕಾಯುವುದು ವೈರನ್ನು. ಮನುಷ್ಯನನ್ನು ಕಾಯುವುದು ಆರ್‌ಸಿಸಿಬಿ, ಅಂದರೆ ಕರೆಂಟು ಬೇರೆ ದಾರಿಯಲ್ಲಿ ಸೋರಿದ ಕೂಡಲೇ ಬೀಳುವ ಸ್ವಿಚ್ಚು. ಹಳಬರು ಇಎಲ್‌ಸಿಬಿ ಎಂದು ಕರೆಯುವುದು ಇದನ್ನೇ. ದುಡ್ಡು ಹಾಕುವುದಾದರೆ ಮೊದಲು ಇದಕ್ಕೆ, ಆಮೇಲೆ ಅರ್ಥಿಂಗಿಗೆ. ಚಂದದ ಗಾಜಿನ ಬಾಗಿಲಿನ ಪೆಟ್ಟಿಗೆ ಕೊನೆಗೆ.

ಫ್ಯೂಸ್ ಇದ್ದರೂ ಶಾಕ್ ಯಾಕೆ ತಪ್ಪುವುದಿಲ್ಲ

ನಮ್ಮ ಕಡೆಯ ಮಣ್ಣಿನ ಲೆಕ್ಕದಲ್ಲೇ ಹೇಳುತ್ತೇನೆ. ಕೆಂಪುಕಲ್ಲಿನ ಗಟ್ಟಿ ನೆಲ ಏಪ್ರಿಲ್, ಮೇ ಹೊತ್ತಿಗೆ ಒಣಗಿ ಹೋಗಿರುತ್ತದೆ, ಅರ್ಥಿಂಗ್ ಗುಂಡಿಗೆ ನೀರು ಹಾಕಿದವರಿಲ್ಲ. ಆಗ ಅರ್ಥ್ ರೆಸಿಸ್ಟೆನ್ಸ್ 20 ಓಮ್ ಇದೆ ಎಂದಿಟ್ಟುಕೊಳ್ಳಿ. ಫ್ರಿಜ್ಜಿನೊಳಗಿನ ಫೇಸ್ ವೈರು ಬಾಡಿಗೆ ತಾಗಿತು. 230 ವೋಲ್ಟನ್ನು 20ರಿಂದ ಭಾಗಿಸಿದರೆ ಹರಿಯುವ ಕರೆಂಟು 11.5 ಆಂಪಿಯರ್. ಅಲ್ಲಿರುವುದು 15 ಆಂಪಿಯರ್ ಫ್ಯೂಸು, ಅದು ಹೋಗುವುದೇ ಇಲ್ಲ. 16 ಆಂಪಿಯರ್ ಎಂಸಿಬಿ ಇದ್ದರೂ ಬೀಳುವುದಿಲ್ಲ. ಫ್ರಿಜ್ಜಿನ ಬಾಡಿಯಲ್ಲಿ ಕರೆಂಟು ಹಾಗೆಯೇ ಇರುತ್ತದೆ. ಬಟ್ಟೆ ಒಗೆದು ಒದ್ದೆ ಕಾಲಿನಲ್ಲಿ ಒಳಗೆ ಬಂದವರು ಬಾಗಿಲಿನ ಹಿಡಿ ಮುಟ್ಟುತ್ತಾರೆ. ಮನುಷ್ಯನ ಜೀವಕ್ಕೆ ಅಪಾಯ ತರಲು ಆಂಪಿಯರಿನ ಹತ್ತನೇ ಒಂದು ಭಾಗವೂ ಬೇಡ.

30 ಮಿಲಿಆಂಪಿಯರ್ ಆರ್‌ಸಿಸಿಬಿ ನೋಡುವುದು ಬೇರೆಯೇ ಲೆಕ್ಕ. ಫೇಸಿನಲ್ಲಿ ಹೋದ ಕರೆಂಟು ಅಷ್ಟೂ ನ್ಯೂಟ್ರಲಿನಲ್ಲಿ ವಾಪಸು ಬಂತೋ ಎಂದು ಅದು ಸದಾ ತಾಳೆ ಹಾಕುತ್ತಿರುತ್ತದೆ. 30 ಮಿಲಿಆಂಪಿಯರಿನಷ್ಟು ವ್ಯತ್ಯಾಸ ಬಂದರೆ 0.3 ಸೆಕೆಂಡಿನೊಳಗೆ ಬೀಳಬೇಕು ಎಂಬುದು ಅದರ ಮಾನದಂಡ. ಅರ್ಥಿಂಗ್ ಸ್ವಲ್ಪ ದುರ್ಬಲವಿದ್ದರೂ ಅದು ಕೆಲಸ ಮಾಡುತ್ತದೆ. ಆದರೆ ಓವರ್‌ಲೋಡು, ಶಾರ್ಟ್ ಸರ್ಕ್ಯೂಟು ಅದಕ್ಕೆ ಗೊತ್ತಾಗುವುದಿಲ್ಲ, ಹಾಗಾಗಿ ಎಂಸಿಬಿ ಜೊತೆಗೆ ಇರಲೇಬೇಕು.

ಮೊದಲ ಹಂತ: ಇರುವ ಬೋರ್ಡನ್ನು ಓದುವುದು

ಈ ಕೆಲಸವನ್ನು ಮನೆಯವರು ಕೈಯಾರೆ ಮಾಡುವುದು ಬೇಡ. ಮೈನ್ ಆಫ್ ಮಾಡಿದರೂ ಮೀಟರಿನಿಂದ ಮೈನ್ ಸ್ವಿಚ್ಚಿಗೆ ಬರುವ ವೈರಿನಲ್ಲಿ ಕರೆಂಟು ಇದ್ದೇ ಇರುತ್ತದೆ. ಲೈಸೆನ್ಸ್ ಇರುವ ವಿದ್ಯುತ್ ಗುತ್ತಿಗೆದಾರರು, ಅವರ ಕೈಕೆಳಗಿನ ಪರ್ಮಿಟ್ ಇರುವ ವೈರ್‌ಮ್ಯಾನ್ ಮಾಡಬೇಕಾದ ಕೆಲಸ ಇದು. ಮನೆಯವರ ಕೆಲಸವೆಂದರೆ ಪಕ್ಕದಲ್ಲಿ ನಿಂತು ನೋಡುವುದು, ಬರೆದಿಡುವುದು, ಸರಿಯಾದ ಪ್ರಶ್ನೆ ಕೇಳುವುದು. ಮುಂದಿನ ಹಂತಗಳನ್ನೂ ಹಾಗೆಯೇ ಓದಿಕೊಳ್ಳಿ.

ವೈರ್‌ಮ್ಯಾನ್ ಬಂದಾಗ ಮೈನ್ ಆಫ್ ಮಾಡಿಸಿ ಒಂದು ಕಿಟ್‌ಕ್ಯಾಟನ್ನು ಕಿತ್ತು ತೋರಿಸಲು ಹೇಳಿ. ತಾಮ್ರದ ಎರಡು ನಾಲಗೆಗಳ ಮೇಲೆ ಹಸಿರು ಕಿಲುಬು, ಪಿಂಗಾಣಿಯ ಒಳಮೈಯಲ್ಲಿ ಕಪ್ಪು ಮಸಿ ಕಂಡರೆ ಅದು ಬಹಳ ದಿನದಿಂದ ಬಿಸಿಯಾಗುತ್ತಿದೆ ಎಂದರ್ಥ. ಕಡಲಿನಿಂದ ಬರುವ ಉಪ್ಪುಗಾಳಿ ಈ ಕಿಲುಬನ್ನು ಬೇಗ ತರಿಸುತ್ತದೆ. ಆಮೇಲೆ ಒಳಗಿನ ತಂತಿ ನೋಡಿ. 5 ಆಂಪಿಯರಿಗೆ ಬೇಕಾದ ಫ್ಯೂಸ್ ವೈರಿನ ದಪ್ಪ ಸುಮಾರು 0.2 ಮಿ.ಮೀ., 15 ಆಂಪಿಯರಿಗೆ ಸುಮಾರು 0.5 ಮಿ.ಮೀ. ಮಳೆಗಾಲದ ರಾತ್ರಿ ಫ್ಯೂಸ್ ಹೋದಾಗ ಕೈಗೆ ಸಿಕ್ಕಿದ ಫ್ಲೆಕ್ಸಿಬಲ್ ವೈರಿನ ನಾಲ್ಕೈದು ಎಳೆ ಹೊಸೆದು ಸಿಕ್ಕಿಸಿದ್ದು ಎಷ್ಟೋ ಮನೆಗಳಲ್ಲಿ ಹಾಗೆಯೇ ಉಳಿದಿರುತ್ತದೆ. ಅಂಥ ಒಂದು ಎಳೆಯೇ ಹೆಚ್ಚುಕಡಿಮೆ 0.2 ಮಿ.ಮೀ. ಇರುತ್ತದೆ. ನಾಲ್ಕು ಎಳೆ ಹಾಕಿದ ಫ್ಯೂಸು ಲೈಟಿನ ಸಣ್ಣ ವೈರು ಗೋಡೆಯೊಳಗೆ ಕರಗುವವರೆಗೂ ಹೋಗುವುದಿಲ್ಲ.

ಇನ್ನೊಂದು ವಿಷಯ ಮರೆಯದೆ ಕೇಳಿ: ನ್ಯೂಟ್ರಲಿಗೂ ಫ್ಯೂಸ್ ಉಂಟಾ? ಹಳೆ ಕಾಲದಲ್ಲಿ ಫೇಸಿಗೊಂದು, ನ್ಯೂಟ್ರಲಿಗೊಂದು ಎಂದು ಜೋಡಿ ಫ್ಯೂಸ್ ಹಾಕುವ ಪದ್ಧತಿ ಇತ್ತು. ನ್ಯೂಟ್ರಲಿನದ್ದು ಮಾತ್ರ ಹೋದರೆ ಬಲ್ಬು ಆರುತ್ತದೆ, ಫ್ಯಾನು ನಿಲ್ಲುತ್ತದೆ, ಕರೆಂಟಿಲ್ಲ ಎಂದುಕೊಂಡು ಹೋಲ್ಡರಿಗೆ ಕೈ ಹಾಕುತ್ತೇವೆ. ಫೇಸ್ ಅಲ್ಲಿ ಜೀವಂತವಾಗಿಯೇ ಇರುತ್ತದೆ. ನಿಮ್ಮ ಬೋರ್ಡು ಈ ಬಗೆಯದ್ದಾದರೆ ಕೆಲಸವನ್ನು ಮುಂದಿನ ವರ್ಷಕ್ಕೆ ಹಾಕಬೇಡಿ.

ಕೊನೆಗೆ ವೈರು. ಹಲಗೆಯ ಹಿಂದಿನ ವೈರಿನ ರಬ್ಬರು ಬೆರಳು ತಾಗಿದ ಕೂಡಲೇ ಉದುರುತ್ತದೆಯೇ? ತಾಮ್ರವೋ ಅಲ್ಯುಮಿನಿಯಮ್ಮೋ? ಹಳೆ ವೈರ್‌ಮ್ಯಾನುಗಳು ಇದನ್ನು 1/18, 3/20, 7/20 ಎಂದು ಗೇಜಿನ ಲೆಕ್ಕದಲ್ಲಿ ಹೇಳುತ್ತಾರೆ. 1/18 ಅಂದರೆ ಹೆಚ್ಚುಕಡಿಮೆ 1.2 ಚದರ ಮಿ.ಮೀ., 3/20 ಅಂದರೆ 2, 7/20 ಅಂದರೆ 4.5ರ ಆಸುಪಾಸು. ಯಾವ ಎಂಸಿಬಿ ಹಾಕಬೇಕು ಎಂದು ತೀರ್ಮಾನಿಸುವುದು ಈ ಸಂಖ್ಯೆ. ಯಾವ ಸಾಧನ ಬಳಸುತ್ತೇವೆ ಎಂಬುದು ಎರಡನೆಯದು.

ಎರಡನೇ ಹಂತ: ಮೆಗ್ಗರ್ ಹಾಕಿಸುವುದು

ಇದನ್ನು ತಪ್ಪಿಸುವವರೇ ಹೆಚ್ಚು, ಆಮೇಲೆ ತಲೆನೋವು ಅನುಭವಿಸುವವರೂ ಅವರೇ. ಮೆಗ್ಗರ್ ಎಂಬ ಮೀಟರು 500 ವೋಲ್ಟ್ ಕೊಟ್ಟು ವೈರಿನ ಇನ್ಸುಲೇಷನ್ ಎಷ್ಟು ಗಟ್ಟಿ ಉಂಟು ಎಂದು ಅಳೆಯುತ್ತದೆ. ಸಾಧನಗಳನ್ನೆಲ್ಲ ಪ್ಲಗ್ಗಿನಿಂದ ಕಿತ್ತು, ಬಲ್ಬು ತೆಗೆದು, ಪ್ರತಿ ಸರ್ಕ್ಯೂಟಿನ ಫೇಸ್, ನ್ಯೂಟ್ರಲ್ ಎರಡನ್ನೂ ಅರ್ಥಿನ ಎದುರು ಅಳೆಯಬೇಕು. 1 ಮೆಗಾಓಮಿಗಿಂತ ಕಡಿಮೆ ಬಂದ ಸರ್ಕ್ಯೂಟಿನ ವೈರು ಬದಲಿಸದೆ ಆರ್‌ಸಿಸಿಬಿಯ ಹಿಂದೆ ಹಾಕಿದರೆ ಅದು ಪದೇ ಪದೇ ಬೀಳಬಹುದು.

ಯಾವಾಗ ಅಳೆಯಬೇಕು ಎಂಬುದರಲ್ಲಿ ನನಗೆ ಗಟ್ಟಿ ಅಭಿಪ್ರಾಯ ಉಂಟು. ಕೆಲಸವನ್ನು ಡಿಸೆಂಬರಿನಿಂದ ಮಾರ್ಚಿನೊಳಗೆ ಮಾಡಿಸಿ, ಗೋಡೆ ಒಣಗಿರುತ್ತದೆ. ಆದರೆ ಅಳತೆಯನ್ನು ಜುಲೈನಲ್ಲೇ ಮಾಡಿಸಿ. ಕರಾವಳಿಯಲ್ಲಿ ವರ್ಷಕ್ಕೆ ಮೂರೂವರೆ, ನಾಲ್ಕು ಸಾವಿರ ಮಿ.ಮೀ. ಮಳೆ ಬೀಳುತ್ತದೆ, ಕೆಂಪುಕಲ್ಲಿನ ಗೋಡೆ ಅದರಲ್ಲಿ ಬೇಕಾದಷ್ಟನ್ನು ಹೀರಿಕೊಳ್ಳುತ್ತದೆ. ಫೆಬ್ರವರಿಯಲ್ಲಿ ಚೆನ್ನಾಗಿ ಅಳತೆ ಕೊಟ್ಟ ವೈರು ಆಟಿ ತಿಂಗಳಲ್ಲಿ ಏನು ಹೇಳುತ್ತದೆ ಎಂಬುದೇ ನಿಜವಾದ ಪರೀಕ್ಷೆ.

ಮೂರನೇ ಹಂತ: ಲೋಡ್ ಲೆಕ್ಕ

ಮೆಸ್ಕಾಂ ಬಿಲ್ಲಿನಲ್ಲಿ ಮಂಜೂರಾದ ಲೋಡ್ ಕಿಲೋವ್ಯಾಟಿನಲ್ಲಿ ಅಚ್ಚಾಗಿರುತ್ತದೆ. ಗೀಸರು 2 ಕಿಲೋವ್ಯಾಟ್, ಇಂಡಕ್ಷನ್ ಒಲೆ 2, ಒಂದೂವರೆ ಟನ್ ಎಸಿ ಸುಮಾರು ಒಂದೂವರೆ, 1 ಎಚ್‌ಪಿ ಪಂಪು ಮುಕ್ಕಾಲು ಎಂದು ಒಟ್ಟಿಗೆ ನಡೆಯುವಂಥವನ್ನು ಕೂಡಿಸಿ ನೋಡಿ. ಸಿಂಗಲ್ ಫೇಸಿನಲ್ಲಿ 32 ಆಂಪಿಯರ್ ಎಂದರೆ 7.36 ಕಿಲೋವ್ಯಾಟ್. ಮಂಜೂರಾತಿಗಿಂತ ಬಳಕೆ ಜಾಸ್ತಿ ಇದ್ದರೆ ಡಿಬಿ ಕೊಳ್ಳುವ ಮೊದಲೇ ಸೆಕ್ಷನ್ ಆಫೀಸಿಗೆ ಹೋಗಿ ಲೋಡ್ ಹೆಚ್ಚಿಸಲು ಅರ್ಜಿ ಕೊಡಿ. ತ್ರೀ ಫೇಸಿಗೆ ಹೋಗುವುದು ಎಂದಾದರೆ ಡಿಬಿಯೇ ಬೇರೆ, ಖರ್ಚೂ ಬೇರೆ.

ನಾಲ್ಕನೇ ಹಂತ: ಒಳಗೆ ಏನೇನು ಇರಬೇಕು

ಸಾಮಾನ್ಯ ಸಿಂಗಲ್ ಫೇಸ್ ಮನೆಗೆ ನಾನು ಹೇಳುವ ಜೋಡಣೆ ಇದು. ಮೊದಲು 32 ಆಂಪಿಯರ್ ಡಬಲ್ ಪೋಲ್ (ಫೇಸ್, ನ್ಯೂಟ್ರಲ್ ಎರಡನ್ನೂ ಕಡಿಯುವ) ಎಂಸಿಬಿ ಮೈನ್. ಅದರ ನಂತರ 40 ಆಂಪಿಯರ್, 30 ಮಿಲಿಆಂಪಿಯರ್ ಆರ್‌ಸಿಸಿಬಿ ಎರಡು. ಒಂದರ ಕೆಳಗೆ ಲೈಟು, ಫ್ಯಾನು, ಮೊಬೈಲ್ ಚಾರ್ಜಿನ ಪಾಯಿಂಟುಗಳು. ಇನ್ನೊಂದರ ಕೆಳಗೆ ಗೀಸರು, ಪಂಪು, ವಾಷಿಂಗ್ ಮೆಷಿನ್ನು, ಗ್ರೈಂಡರು. ಒಂದೇ ಆರ್‌ಸಿಸಿಬಿ ಹಾಕಿದರೆ ಬಾವಿಯ ಪಂಪಿಗೆ ನೀರು ಹೊಕ್ಕಿದ ರಾತ್ರಿ ಇಡೀ ಮನೆ ಕತ್ತಲಾಗುತ್ತದೆ. ಎರಡಿದ್ದರೆ ಅಡಿಗೆಮನೆಯಲ್ಲಿ ಬೆಳಕಾದರೂ ಉಳಿಯುತ್ತದೆ.

ಫ್ರಿಜ್ಜಿಗೆ ಪ್ರತ್ಯೇಕ ಆರ್‌ಸಿಬಿಒ ಹಾಕಿಸಿದರೆ ಒಳ್ಳೆಯದು. ಎಂಸಿಬಿ, ಆರ್‌ಸಿಸಿಬಿ ಎರಡೂ ಒಂದರಲ್ಲೇ ಇರುವ ಸಾಧನ ಅದು. ನಮ್ಮಲ್ಲಿ ಮಕ್ಕಳಿರುವುದು ಮುಂಬಯಿಯಲ್ಲಿ, ಗಲ್ಫಿನಲ್ಲಿ. ಹಿರಿಯರು ವಾರಗಟ್ಟಲೆ ಮನೆಗೆ ಬೀಗ ಹಾಕಿ ಹೋಗುತ್ತಾರೆ. ಬೇರೆ ಯಾವುದೋ ಸರ್ಕ್ಯೂಟಿನ ತೇವದಿಂದ ಫ್ರಿಜ್ಜು ನಿಂತು ಒಳಗಿದ್ದ ಮೀನು, ತರಕಾರಿ ಎಲ್ಲ ಹಾಳಾಗುವುದು ಇದರಿಂದ ತಪ್ಪುತ್ತದೆ.

ಎಂಸಿಬಿಯ ಆಯ್ಕೆ ವೈರಿನ ದಪ್ಪದ ಮೇಲೆ. ಅಂಗಡಿಯವರು 2.5 ಎಂಎಂ ಎನ್ನುವುದು 2.5 ಚದರ ಮಿ.ಮೀ. ಎಂಬ ಅರ್ಥದಲ್ಲಿ. 1 ಅಥವಾ 1.5 ಎಂಎಂ ಲೈಟಿನ ವೈರಿಗೆ 6 ಆಂಪಿಯರ್. 2.5 ಎಂಎಂ ಪವರ್ ಪಾಯಿಂಟಿಗೆ, ಗೀಸರಿಗೆ 16. ಎಸಿಗೆ 4 ಎಂಎಂ ಎಳೆದು 20. ಪಂಪಿನ ಮೋಟರು ಸ್ಟಾರ್ಟ್ ಆಗುವಾಗ ಓಡುವಾಗಿನ ಐದಾರು ಪಟ್ಟು ಕರೆಂಟು ಎಳೆಯುತ್ತದೆ, ಅದಕ್ಕೆ ಆ ಕ್ಷಣದ ಹೆಚ್ಚು ಕರೆಂಟನ್ನು ತಾಳಿಕೊಳ್ಳುವ ಸಿ ಕರ್ವ್ ಎಂಸಿಬಿಯೇ ಬೇಕು. ಲೈಟಿಗೆ ಅದಕ್ಕಿಂತ ಬೇಗ ಬೀಳುವ ಬಿ ಕರ್ವ್ ಸಾಕು. "ಆಗಾಗ ಬೀಳ್ತದೆ, 32ರದ್ದು ಹಾಕಿಬಿಡುವ" ಎಂದು ಯಾರೇ ಹೇಳಲಿ, ವೈರು ಬದಲಾಯಿಸದೆ ಎಂಸಿಬಿ ದೊಡ್ಡದು ಮಾಡಲು ಒಪ್ಪಬೇಡಿ. ಅದು ಫ್ಯೂಸಿಗೆ ನಾಲ್ಕು ಎಳೆ ಹಾಕಿದ್ದಕ್ಕೆ ಸಮ.

ಪೆಟ್ಟಿಗೆಯ ಗಾತ್ರ: ಮೈನಿಗೆ 2 ಜಾಗ, ಎರಡು ಆರ್‌ಸಿಸಿಬಿಗೆ 4, ಎಂಟು ಎಂಸಿಬಿಗೆ 8, ಫ್ರಿಜ್ಜಿನ ಆರ್‌ಸಿಬಿಒಗೆ 2. ಅಲ್ಲಿಗೆ 16 ಆಯಿತು. ಸಿಡಿಲಿನ ಹೊತ್ತಿನ ಹೆಚ್ಚುವರಿ ವೋಲ್ಟೇಜ್ ತಡೆಯುವ ಸರ್ಜ್ ಪ್ರೊಟೆಕ್ಟರಿಗೆ ಇನ್ನೆರಡು, ಒಟ್ಟು 18. ಆದ್ದರಿಂದ ಮೈನಿನ 2 ಜಾಗ ಬಿಟ್ಟು 16 ಜಾಗ ಇರುವ 16 ವೇ ಡಿಬಿಗಿಂತ ಚಿಕ್ಕದು ಬೇಡ. ಮಲ್ಪೆ, ಉಳ್ಳಾಲ, ಸುರತ್ಕಲ್ಲಿನಂತೆ ಕಡಲ ದಂಡೆಗೆ ಹತ್ತಿರ ಇರುವವರು ತಗಡಿನ ಪೆಟ್ಟಿಗೆ ಬಿಟ್ಟು ಬೆಂಕಿ ಹಿಡಿಯದ ಗಟ್ಟಿ ಪ್ಲಾಸ್ಟಿಕ್ಕಿನದ್ದು ತೆಗೆದುಕೊಳ್ಳಿ, ತಗಡು ಅಲ್ಲಿ ಬೇಗ ತುಕ್ಕು ಹಿಡಿಯುತ್ತದೆ. ಮಳೆಯ ಎರಚಲು ಬೀಳುವ ಹೊರಗೋಡೆಯಲ್ಲಿ ಕೊರೆದು ಕೂರಿಸುವುದು ಯಾರಿಗೂ ಬೇಡ. ಒಳಗೋಡೆಯ ಮೇಲ್ಮೈಯಲ್ಲಿ ಕೂರಿಸಿದರೆ ತೇವ, ಗೆದ್ದಲು ಎರಡೂ ದೂರ.

ಸಿಡಿಲಿನ ಬಗ್ಗೆ ಒಂದು ಮಾತು. ಏಪ್ರಿಲ್, ಮೇಯಲ್ಲೂ ಮಳೆಗಾಲ ಹಿಂದೆ ಸರಿಯುವ ಅಕ್ಟೋಬರಿನಲ್ಲೂ ಇಲ್ಲಿ ಟಿವಿ, ಮೋಡೆಮ್ ಸುಟ್ಟುಹೋಗದ ಊರಿಲ್ಲ. ಲೈನಿನಲ್ಲಿ ನುಗ್ಗುವ ಹೆಚ್ಚುವರಿ ವೋಲ್ಟೇಜನ್ನು ಎಂಸಿಬಿಯೂ ಆರ್‌ಸಿಸಿಬಿಯೂ ತಡೆಯುವುದಿಲ್ಲ. ಅದಕ್ಕೆ ಟೈಪ್ 2 ಸರ್ಜ್ ಪ್ರೊಟೆಕ್ಟರ್ ಬೇಕು, ಅದು ಕೆಲಸ ಮಾಡಬೇಕಾದರೆ ಅರ್ಥಿಂಗ್ ಚೆನ್ನಾಗಿರಬೇಕು.

ಐದನೇ ಹಂತ: ಅರ್ಥಿಂಗ್

ನಳ್ಳಿಯ ಪೈಪಿಗೆ, ಬಾವಿಯ ಪಂಪಿನ ಪೈಪಿಗೆ ಸುತ್ತಿದ ತಂತಿಯನ್ನು ಅರ್ಥಿಂಗ್ ಎಂದು ನಂಬಬೇಡಿ. ಪೈಪಿನ ಒಂದು ತುಂಡು ಪಿವಿಸಿ ಆದ ದಿನ ಅದು ಮುಗಿಯಿತು. ಭಾರತೀಯ ಮಾನದಂಡದ ಪ್ರಕಾರ ಪೈಪ್ ಅರ್ಥಿಂಗಿಗೆ ಕಡಿಮೆಯೆಂದರೆ 38 ಮಿ.ಮೀ. ವ್ಯಾಸದ, 2.5 ಮೀಟರ್ ಉದ್ದದ ಜಿಐ ಪೈಪು ಬೇಕು, ಸುತ್ತ ಇದ್ದಿಲು, ಉಪ್ಪು. ಬಚ್ಚಲ ನೀರು ಹರಿಯುವ ಬದಿಯಲ್ಲಿ ಅಥವಾ ತೆಂಗಿನ ಬುಡದ ಹತ್ತಿರ ಗುಂಡಿ ತೋಡಿಸಿದರೆ ಬೇಸಿಗೆಯಲ್ಲೂ ಹಸಿ ಇರುತ್ತದೆ. ಅರ್ಥ್ ಟೆಸ್ಟರಿನಲ್ಲಿ 5 ಓಮಿಗಿಂತ ಕಡಿಮೆ ಬಂದರೆ ಚೆನ್ನ.

ಆರನೇ ಹಂತ: ಕೆಲಸದ ದಿನ

ಕರೆಂಟನ್ನು ಮೀಟರಿನ ಹಿಂದೆ, ಸರ್ವಿಸ್ ಕಟೌಟಿನಲ್ಲಿ ಅಥವಾ ಕಂಬದಲ್ಲಿ ತೆಗೆಯಬೇಕು. ಅದು ಮೆಸ್ಕಾಂನ ಸ್ವತ್ತು. ಮೀಟರಿನ ಸೀಲಿಗೆ ಗುತ್ತಿಗೆದಾರರೂ ಕೈ ಹಾಕುವಂತಿಲ್ಲ. ಎರಡು ಮೂರು ದಿನ ಮೊದಲೇ ಸೆಕ್ಷನ್ ಆಫೀಸಿಗೆ ತಿಳಿಸಿ ಲೈನ್‌ಮ್ಯಾನ್ ಬರುವ ಹೊತ್ತು ಗೊತ್ತು ಮಾಡಿಕೊಳ್ಳಿ. ಬೆಳಿಗ್ಗೆ ಶುರು ಮಾಡಿದರೆ ಸಂಜೆಯೊಳಗೆ ಮುಗಿಯುವ ಕೆಲಸ, ಆದ್ದರಿಂದ ಹಿಂದಿನ ದಿನವೇ ಟ್ಯಾಂಕಿಗೆ ನೀರು ತುಂಬಿಸಿ, ಇಡ್ಲಿಗೆ ಹಿಟ್ಟು ಕಡೆದಿಡಿ.

ಲೈನ್ ತೆಗೆದ ಮೇಲೂ ಬರೀ ಟೆಸ್ಟರಿನ ದೀಪ ನೋಡಿ ಕೈ ಹಾಕುವುದು ಬೇಡ, ಮಲ್ಟಿಮೀಟರಿನಲ್ಲಿ ಸೊನ್ನೆ ತೋರಿಸಬೇಕು. ಇನ್ವರ್ಟರ್ ಇದ್ದರೆ ಅದನ್ನೂ ಆಫ್ ಮಾಡಿ, ಅದರಿಂದ ಕರೆಂಟು ವಾಪಸು ಬರುತ್ತದೆ. ಹಲಗೆ ಕೀಳುವ ಮೊದಲು ಮೊಬೈಲಿನಲ್ಲಿ ನಾಲ್ಕು ಬದಿಯಿಂದ ಫೋಟೊ ತೆಗೆದಿಡಿ.

ಈಗ ಇಡೀ ಕೆಲಸದ ಸೂಕ್ಷ್ಮ ಭಾಗ. ಹಳೆ ಬೋರ್ಡಿನಲ್ಲಿ ನ್ಯೂಟ್ರಲುಗಳೆಲ್ಲ ಒಟ್ಟಿಗೆ ಒಂದೇ ಕಡೆ ಸೇರಿರುತ್ತವೆ. ಫ್ಯೂಸಿಗೆ ಅದರಿಂದ ತೊಂದರೆ ಇರಲಿಲ್ಲ. ಆದರೆ ಆರ್‌ಸಿಸಿಬಿಗೆ ತನ್ನ ಮೂಲಕ ಹೋದ ಕರೆಂಟು ತನ್ನ ಮೂಲಕವೇ ಬರಬೇಕು. ಹಾಗಾಗಿ ಪ್ರತಿ ಫೇಸ್ ವೈರಿನ ಜೊತೆ ಅದರದ್ದೇ ನ್ಯೂಟ್ರಲ್ ಯಾವುದು ಎಂದು ಮೀಟರಿನಲ್ಲಿ ಕಂಟಿನ್ಯುಟಿ (ಎರಡು ತುದಿಯೂ ಒಂದೇ ವೈರಿನದ್ದೇ ಎಂದು) ನೋಡಿ, ಜೋಡಿಯಾಗಿ ನಂಬರಿನ ಚೀಟಿ ಅಂಟಿಸಿಯೇ ಕತ್ತರಿಸಬೇಕು. ಎರಡು ಆರ್‌ಸಿಸಿಬಿಗೆ ಎರಡು ನ್ಯೂಟ್ರಲ್ ಲಿಂಕ್ (ನ್ಯೂಟ್ರಲ್ ವೈರುಗಳನ್ನು ಸೇರಿಸುವ ಪಟ್ಟಿ) ಬೇರೆ ಬೇರೆ. ಇನ್ವರ್ಟರಿನ ಸರ್ಕ್ಯೂಟಿಗೆ ಇನ್ನೊಂದು. ಮೇಲಿನ ಕೋಣೆಯ ಲೈಟಿನ ಫೇಸ್ ಒಂದು ಸರ್ಕ್ಯೂಟಿನದ್ದು, ನ್ಯೂಟ್ರಲ್ ಪಕ್ಕದ ಸರ್ಕ್ಯೂಟಿನದ್ದು ಎಂಬಂಥ ಕಲಬೆರಕೆ ಹಳೆ ಮನೆಗಳಲ್ಲಿ ಸಾಮಾನ್ಯ. ಇದನ್ನು ಬಿಡಿಸಲು ಒಂದೆರಡು ಗಂಟೆ ಜಾಸ್ತಿ ಹಿಡಿದರೆ ಅವಸರ ಮಾಡಬೇಡಿ. "ಆರ್‌ಸಿಸಿಬಿ ನಮ್ಮ ಕಡೆ ಆಗುದಿಲ್ಲ ಸಾರ್, ಸುಮ್ನೆ ಟ್ರಿಪ್ ಆಗ್ತಾ ಇರ್ತದೆ" ಎಂಬ ಮಾತು ಹುಟ್ಟಿದ್ದೇ ಈ ಕೆಲಸವನ್ನು ಹಾರಿಸಿದ ಮನೆಗಳಲ್ಲಿ.

ಉಳಿದದ್ದನ್ನು ಕಣ್ಣಿನಲ್ಲೇ ನೋಡಬಹುದು. ಸ್ಕ್ರೂವಿನ ತೂತಿಗೆ ಹೋಗುವುದಿಲ್ಲ ಎಂದು ವೈರಿನ ಎಳೆಗಳನ್ನು ಕತ್ತರಿಸಬಾರದು, ತುದಿಗೆ ಒತ್ತಿ ಕೂರಿಸುವ ಲೋಹದ ಲಗ್ ಹಾಕಬೇಕು. ಹಳೆ ವೈರು ಹೊಸ ಪೆಟ್ಟಿಗೆಗೆ ಮುಟ್ಟದಿದ್ದರೆ ಹೊಸೆದು ಟೇಪ್ ಸುತ್ತುವುದು ಬೇಡ, ಮುಚ್ಚಳ ಇರುವ ಬಾಕ್ಸಿನಲ್ಲಿ ಕನೆಕ್ಟರ್ ಹಾಕಿ. ಅಲ್ಯುಮಿನಿಯಂ ವೈರಿಗೆ ತಾಮ್ರವನ್ನು ನೇರ ಸೇರಿಸಿದರೆ ನಮ್ಮ ತೇವದಲ್ಲಿ ಆ ಜಾಯಿಂಟು ತಿಂದುಹೋಗುತ್ತದೆ, ಬೈಮೆಟಲ್ ಲಗ್ಗೇ ಬೇಕು. ವೈರು ಒಳಹೋಗುವ ತೂತುಗಳಿಗೆ ಗ್ಲಾಂಡ್, ಖಾಲಿ ಜಾಗಗಳಿಗೆ ಬ್ಲ್ಯಾಂಕ್ ಹಾಕಿಸಿ. ಹಲ್ಲಿ, ಇರುವೆ ಒಳಗೆ ಹೋಗಿ ಶಾರ್ಟ್ ಆಗುವುದು ಇಲ್ಲಿ ಅಪರೂಪವಲ್ಲ.

ಏಳನೇ ಹಂತ: ಪರೀಕ್ಷೆ, ಆಮೇಲೆ ದುಡ್ಡು

ಕರೆಂಟು ಕೊಟ್ಟ ಮೇಲೆ ಆರ್‌ಸಿಸಿಬಿಯ ಟೆಸ್ಟ್ ಬಟನ್ ಒತ್ತಿ, ತಟ್ಟನೆ ಬೀಳಬೇಕು. ಪ್ರತಿ ಸಾಕೆಟಿನಲ್ಲೂ ಫೇಸ್ ಬಲಕ್ಕೆ, ನ್ಯೂಟ್ರಲ್ ಎಡಕ್ಕೆ, ಅರ್ಥ್ ಮೇಲೆ ಇದೆಯೇ ನೋಡಿಸಿ. ಬಟನ್ ಪರೀಕ್ಷೆ ಆರ್‌ಸಿಸಿಬಿಯ ಒಳಗನ್ನು ಮಾತ್ರ ತೋರಿಸುತ್ತದೆ, ಸಾಕೆಟಿಗೆ ಅರ್ಥ್ ಬಂದಿದೆಯೋ ಇಲ್ಲವೋ ಅದರಿಂದ ತಿಳಿಯುವುದಿಲ್ಲ. ಗೀಸರು, ಪಂಪು, ಗ್ರೈಂಡರುಗಳನ್ನು ಒಂದೊಂದಾಗಿ ಓಡಿಸಿ.

ಆರ್‌ಸಿಸಿಬಿ ನಿಲ್ಲದಿದ್ದರೆ ಅದರ ಕೆಳಗಿನ ಎಂಸಿಬಿಗಳನ್ನೆಲ್ಲ ಇಳಿಸಿ ಒಂದೊಂದಾಗಿ ಎತ್ತಿ. ಯಾವುದಕ್ಕೆ ಬಿತ್ತೋ ಆ ಸರ್ಕ್ಯೂಟಿನ ಪ್ಲಗ್ಗುಗಳನ್ನು ಕಿತ್ತು ನೋಡಿ. ಗೀಸರಿನ ಕಾಯಿಲು, ಪಂಪಿನ ಕೇಬಲ್ ಜಾಯಿಂಟು, ಅಂಗಳದ ಗೇಟ್ ಲೈಟು ಈ ಮೂರೇ ಹೆಚ್ಚಾಗಿ ಕಾರಣ. ಎಂಸಿಬಿಗಳೆಲ್ಲ ಇಳಿದಿದ್ದರೂ ಬೀಳುತ್ತದಾದರೆ ಯಾವುದೋ ನ್ಯೂಟ್ರಲು ಅರ್ಥಿಗೆ ತಾಗಿರಬಹುದು, ವೈರ್‌ಮ್ಯಾನನ್ನೇ ಕರೆಯಿರಿ.

ಖರ್ಚು

ಕೆಳಗಿನವು ಹೆಸರಾಂತ ಕಂಪೆನಿಗಳ ಐಎಸ್‌ಐ ಗುರುತಿನ ಮಾಲಿಗೆ, ಸಿಂಗಲ್ ಫೇಸ್ ಮನೆಗೆ ಅಂದಾಜು. ಬ್ರ್ಯಾಂಡ್, ತಾಮ್ರದ ದರ ನೋಡಿಕೊಂಡು ಹೆಚ್ಚುಕಡಿಮೆ ಆಗುತ್ತದೆ.

16 ವೇ ಡಿಬಿ: 2,200–3,500 ರೂ.
32 ಆಂಪಿಯರ್ ಡಬಲ್ ಪೋಲ್ ಎಂಸಿಬಿ: 700–1,100 ರೂ.
ಆರ್‌ಸಿಸಿಬಿ ಎರಡು: 4,000–6,000 ರೂ.
ಎಂಟು ಸಿಂಗಲ್ ಪೋಲ್ ಎಂಸಿಬಿ: 1,450–2,250 ರೂ.
ವೈರು, ಲಗ್, ಲಿಂಕ್, ಪೈಪು, ಕನೆಕ್ಟರು: 1,500–2,500 ರೂ.
ಕೂಲಿ, ಮೆಗ್ಗರ್ ಪರೀಕ್ಷೆ ಸೇರಿ: 4,000–6,000 ರೂ.

ಒಟ್ಟು ಸುಮಾರು 14,000ರಿಂದ 21,500. ಇದಕ್ಕೆ ಫ್ರಿಜ್ಜಿನ ಆರ್‌ಸಿಬಿಒ 2,500–4,000, ಹೊಸ ಅರ್ಥಿಂಗ್ 5,000–8,000, ಸರ್ಜ್ ಪ್ರೊಟೆಕ್ಟರ್ 3,000–5,000 ಸೇರಿಸಿದರೆ 24,500ರಿಂದ 38,500ರವರೆಗೆ ಹೋಗುತ್ತದೆ. ತ್ರೀ ಫೇಸಿಗೆ ಡಿಬಿ, ನಾಲ್ಕು ಪೋಲಿನ ಆರ್‌ಸಿಸಿಬಿ ಎಲ್ಲ ಸೇರಿ, ಅರ್ಥಿಂಗ್ ಬಿಟ್ಟು, 25,000–40,000 ಇಟ್ಟುಕೊಳ್ಳಿ. ಮೆಗ್ಗರಿನಲ್ಲಿ ವೈರು ಫೇಲಾದರೆ ಹೊಸ ವೈರಿಂಗಿನ ಖರ್ಚು ಪಾಯಿಂಟ್ ಲೆಕ್ಕದಲ್ಲಿ ಬೇರೆ.

ಸ್ವಿಚ್‌ಗೇರಿಗೆ ಎಂಆರ್‌ಪಿ ಮೇಲೆ ಒಳ್ಳೆಯ ರಿಯಾಯಿತಿ ಕೊಡುವುದು ಈ ವ್ಯಾಪಾರದ ರೂಢಿ. ಎರಡು ಮೂರು ಅಂಗಡಿಯಲ್ಲಿ ಪಟ್ಟಿ ಕೊಟ್ಟು ದರ ಕೇಳಿ. ಜಿಎಸ್‌ಟಿ ಬಿಲ್ ತೆಗೆದುಕೊಳ್ಳಿ, ನಕಲಿ ಎಂಸಿಬಿ ಮಾರುವವರು ಬಿಲ್ ಕೊಡುವುದಿಲ್ಲ. ಕೈ ಬಿಗಿ ಇದ್ದರೆ ಸರ್ಜ್ ಪ್ರೊಟೆಕ್ಟರು, ಆರ್‌ಸಿಬಿಒಗಳನ್ನು ಮುಂದಿನ ವರ್ಷಕ್ಕೆ ಬಿಡಿ, ಅವುಗಳ ಜಾಗ ಮಾತ್ರ ಪೆಟ್ಟಿಗೆಯಲ್ಲಿ ಇಡಿಸಿ. ಅಷ್ಟೂ ಆಗದವರು ಹಳೆ ಮೈನಿನ ನಂತರ ಚಿಕ್ಕ ಪೆಟ್ಟಿಗೆಯಲ್ಲಿ 32 ಆಂಪಿಯರ್ ಡಬಲ್ ಪೋಲ್ ಎಂಸಿಬಿ, ಒಂದು ಆರ್‌ಸಿಸಿಬಿ ಈ ಮಳೆಗಾಲದೊಳಗೆ ಹಾಕಿಸಿಕೊಳ್ಳಿ. ಕೂಲಿ ಸೇರಿ 5,000–6,000 ರೂಪಾಯಿಯೊಳಗೆ ಆಗುತ್ತದೆ. ಫ್ಯೂಸುಗಳು ಆಮೇಲೆ ಹೋಗಲಿ.

ಡಿಬಿಯ ಬಾಗಿಲ ಒಳಬದಿಗೆ ಯಾವ ಎಂಸಿಬಿ ಯಾವುದಕ್ಕೆ ಎಂಬ ಪಟ್ಟಿಯನ್ನು ಕನ್ನಡದಲ್ಲಿ, ಅಜ್ಜಿಗೂ ಓದಲಾಗುವಷ್ಟು ದಪ್ಪಕ್ಷರದಲ್ಲಿ ಬರೆದು ಅಂಟಿಸಿ. ತಿಂಗಳಿಗೊಮ್ಮೆ ಟೆಸ್ಟ್ ಬಟನ್ ಒತ್ತಿ. ಮೊದಲ ಮಳೆಗಾಲ ಕಳೆದ ಮೇಲೆ ಅದೇ ವೈರ್‌ಮ್ಯಾನನ್ನು ಕರೆಸಿ ಮೈನ್ ಆಫ್ ಮಾಡಿಸಿ ಸ್ಕ್ರೂಗಳನ್ನೆಲ್ಲ ಒಮ್ಮೆ ಬಿಗಿ ಮಾಡಿಸಿ. ಇದನ್ನು ಕೂಲಿಯ ಮಾತಾಡುವಾಗಲೇ ಸೇರಿಸಿಕೊಂಡರೆ ಬೇರೆ ದುಡ್ಡು ಕೊಡಬೇಕಾಗಿಲ್ಲ.